ಟವೆಲಿನ ಕೆಳಗಿನ ಮಾತು

ಹಾವಗೆಪ್ಪ ಮಾಮಾ ದಿನಾ ಬೆಳಿಗ್ಗೆ ಭಾಲ್ಕಿಯ ಬಸ್ ನಿಲ್ದಾಣದವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಸ್ನಾನ ಮಾಡಿ, ಗಡ್ಡ ಬೋಳಿಸಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಟವೆಲು ಇಟ್ಟುಕೊಂಡು ಹೊರಟರೆ, ನೋಡಿದವರಿಗೆ ಎಲ್ಲೋ ದೊಡ್ಡ ಕೆಲಸವೊಂದು ಅವರಿಗಾಗಿ ಕಾದಿದೆ ಎನ್ನಿಸಬೇಕು. ಎಲ್ಲಿಗೆಂದು ಓಣಿಯವರು ಕೇಳಿದರೆ "ಇಲ್ಲೇ ಹೊಂಟೀನ್ರಿ" ಎನ್ನುವರು. ನಿಲ್ದಾಣದಲ್ಲಿ ಔರಾದದ ಬಸ್ಸು ಹೊರಡುವುದನ್ನು ನೋಡಿ, ಒಂದು ಚಹಾ ಕುಡಿದು, ಹಿಂದಿನ ಓಣಿಯಿಂದ ಮನೆಗೆ ಬಂದುಬಿಡುವರು. ಇದು ನಮ್ಮ ಅತ್ತೆ ಅನುಸೂಯಾಬಾಯಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿದೆ ಎಂಬುದು ಮಾಮಾರಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ನನ್ನ ಊರು ಔರಾದ ತಾಲೂಕಿನ ಒಂದು ಹಳ್ಳಿ. ಕಾಲೇಜಿಗೆಂದು ಭಾಲ್ಕಿಗೆ ಬಂದು ಮಾಮಾರ ಮನೆಯಲ್ಲೇ ಇದ್ದೆ. ಹಾಗಾಗಿ ಈ ಹೋಗುವುದು ಬರುವುದು ನನಗೂ ದಿನಾ ಕಾಣುತ್ತಿತ್ತು.

ಮೂವತ್ತು ವರ್ಷ ಮಾಮಾ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಮಾರುವವನು ಒಂದು ಕಡೆ, ಕೊಳ್ಳುವವನು ಒಂದು ಕಡೆ, ನಡುವೆ ಅವರು. ನಮ್ಮ ಕಡೆಯ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾಮಾ ಹೆಗಲ ಮೇಲಿನ ಟವೆಲು ತೆಗೆದು ಬಲಗೈ ಮೇಲೆ ಹರವಿದರೆ, ಕೊಳ್ಳುವವನು ಅದರ ಕೆಳಗೆ ಕೈಹಾಕಿ ಅವರ ಬೆರಳು ಹಿಡಿಯುವನು. ಹಿಡಿದಷ್ಟು ಬೆರಳು, ಅಷ್ಟು ಸಾವಿರ. ಅರ್ಧ ಬೆರಳು ಒತ್ತಿದರೆ ಅರ್ಧ ಸಾವಿರ, ಬಿಟ್ಟು ಮತ್ತೆ ಹಿಡಿದರೆ ಮೊದಲಿನದಕ್ಕೆ ಕೂಡಿಕೆ. ಆಮೇಲೆ ಅದೇ ಕೈ, ಅದೇ ಟವೆಲು, ಮಾರುವವನ ಕಡೆಗೆ ತಿರುಗುವುದು. ಬೆರಳುಗಳು ಕೆಳಗೆ ಜಗ್ಗಾಡುವಾಗ ಬಾಯಿ ಮೇಲೆ ಬೇರೆಯದೇ ಮಾತಾಡುತ್ತಿರಬೇಕು. ಮಗಳ ಹೆರಿಗೆ ಆಯಿತೇ, ತೊಗರಿ ಹೂ ಬಿಟ್ಟಿತೇ, ಬಾವಿಗೆ ನೀರು ಬಂತೇ. ಸುತ್ತ ನಿಂತವರಿಗೆ ಕಾಣುವುದು ಒಂದು ಬಟ್ಟೆ ಮತ್ತು ಅದರ ಕೆಳಗೆ ಇಲಿಮರಿ ಹೊರಳಿದ ಹಾಗೆ ಒಂದು ಅಲುಗಾಟ.

ವ್ಯವಹಾರ ಮುಗಿದ ಮೇಲೂ ಆ ಬೆಲೆ ಮಾಮಾರ ಬಾಯಿಂದ ಹೊರಬೀಳುತ್ತಿರಲಿಲ್ಲ. ಅತ್ತೆಗೂ ಹೇಳುತ್ತಿರಲಿಲ್ಲ.

"ಮಂದಿ ಎತ್ತಿಂದು ಬಿಡು," ಎನ್ನುವರು ಅತ್ತೆ. "ನಾಕ ಬೆಂಡಿಕಾಯಿ ತಂದ್ರ ಸುದ್ದಾ ಎಷ್ಟಕ್ಕ ತಂದ್ರಿ ಅಂದ್ರ ಈ ಮನಷ್ಯಾ ಬಾಯಿ ಬಿಡಂಗಿಲ್ಲ."

ಆಮೇಲೆ ಹೊಲಕ್ಕೆಲ್ಲ ಟ್ರ್ಯಾಕ್ಟರ್ ಬಂದವು. ಉಳಿದ ನಾಲ್ಕು ಎತ್ತುಗಳೂ ಫೋನಿನೊಳಗೆ ಮಾರಾಟವಾಗತೊಡಗಿದವು. ಒಮ್ಮೆ ಓಣಿಯ ಹುಡುಗನೊಬ್ಬ ವಾಟ್ಸ್ಯಾಪ್ ಗುಂಪು ತೆರೆದು ಮಾಮಾರಿಗೆ ತೋರಿಸಿದ. ಒಂದು ದೇವಣಿ ತಳಿಯ ಎತ್ತಿನ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ಬೆಲೆ, ಅದರ ಕೆಳಗೆ ಹತ್ತಾರು ಜನರ ನಗು. ಮಾಮಾ ಬಹಳ ಹೊತ್ತು ನೋಡಿ ಫೋನನ್ನು ತಿರುಗಿ ಕೊಟ್ಟರು. ಸಂತೆಗೆ ಹೋಗುವುದು ಅವರಿಗೆ ನಿಂತು ಹೋಯಿತು. ಹೊರಡುವುದು ಮಾತ್ರ ನಿಲ್ಲಲಿಲ್ಲ.

ಮನೆಯಲ್ಲಿ ಉಣ್ಣಲಿಕ್ಕೆ ಕೊರತೆ ಇರಲಿಲ್ಲ. ಅತ್ತೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು, ಸ್ವಲ್ಪ ಹೊಲದ ಪಾಲು ಬರುತ್ತಿತ್ತು. ಮಾಮಾರಿಗೆ ಬೇಕಾಗಿದ್ದದ್ದು ಬೆಳಿಗ್ಗೆ ಹೋಗಲಿಕ್ಕೆ ಒಂದು ಜಾಗ. ಖರೆ ಖರೆ ಒಂದು ಜಾಗ.

ಬೀದರಿನ ನೌಬಾದದಲ್ಲಿ ಹೊಸ ಗೋದಾಮು ಆಗಿದೆ, ಅಂಗಳ ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕಾಗಿದ್ದಾರೆ ಎಂಬ ಸುದ್ದಿಯನ್ನು ನಾನೇ ತಂದೆ. ರೈತರೂ ಗಂಜಿನ, ಅಂದರೆ ಧಾನ್ಯದ ಪೇಟೆಯ, ವ್ಯಾಪಾರಿಗಳೂ ತೊಗರಿ, ಉದ್ದು, ಸೋಯಾ ತಂದು ಇಡುವ ಜಾಗ. ಬಂದ ಲಾರಿಗೆ ದಾರಿ ತೋರಿಸಬೇಕು, ಹಮಾಲರ ಜೊತೆ ನಿಲ್ಲಬೇಕು. ವಯಸ್ಸಿನ ಅಡ್ಡಿ ಇಲ್ಲ ಎಂದು ಜಾಹೀರಾತಿನಲ್ಲಿ ಬರೆದಿದ್ದರು.

ಮಾಮಾ ಆ ದಿನ ಚಹಾ ಎರಡು ಸಲ ಕೇಳಿದರು. ಸಂಜೆ ನನ್ನ ಹತ್ತಿರ ಬಂದು ಕುಳಿತು, "ಶಶಿ, ನೌಕರಿ ಕೇಳ್ಲಿಕ್ಕಿ ಹೋಗಬೇಕಾದ್ರ ಏನೇನ್ ಮಾಡಬೇಕವ್ವಾ?" ಎಂದರು.

ಕಾಲೇಜಿನಲ್ಲಿ ನಮಗೆ ಸಂದರ್ಶನದ ತರಬೇತಿ ಆಗಿತ್ತು. ನೆಟ್ಟಗೆ ಕೂರುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಸಣ್ಣಗೆ ನಗುವುದು, ತನ್ನ ಬಗ್ಗೆ ತಾನೇ ಚೊಕ್ಕವಾಗಿ ಹೇಳುವುದು. ಪಡಸಾಲೆಯಲ್ಲಿ ಕುರ್ಚಿ ಹಾಕಿ ನಾನು ಸಾಹೇಬಳಾದೆ. ಅತ್ತೆ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು.

"ನಿಮ್ಮ ಬಗ್ಗೆ ಹೇಳ್ರಿ," ಎಂದೆ.

"ನಾ ಏನ್ ಹೇಳಲಿ? ಊರ ಮಂದಿಗಿ ಕೇಳ್ರಿ."

"ಹಂಗಲ್ರಿ ಮಾಮಾ. ನೀವೇ ಹೇಳಬೇಕು. ನಾನು ಭಾಳ ಕಷ್ಟಪಟ್ಟು ದುಡೀತೇನಿ, ಪ್ರಾಮಾಣಿಕ ಇದ್ದೇನಿ, ಹೀಂಗ."

ಮಾಮಾರ ಮುಖ ಕೆಂಪಾಯಿತು. "ತನ್ನ ಎತ್ತ ತಾನೇ ಹೊಗಳಿದ್ರ ಗಿರಾಕಿ ಮದಲು ಅದರ ಹಲ್ಲು ನೋಡ್ತಾನ," ಎಂದರು.

"ಹಲ್ಲು ಮಾತ್ರ ತೋರಸ್ಬ್ಯಾಡ್ರಿ," ಎಂದರು ಅತ್ತೆ ಮೊರದಿಂದ ತಲೆ ಎತ್ತದೆ. "ತಂಬಾಕದ ಹಲ್ಲು ನೋಡಿ ವಯಸ್ಸು ಹೇಳಿಬಿಡ್ತಾರ."

"ನೀ ನೋಡೇ ಲಗ್ನ ಮಾಡಕೊಂಡೀದಿ ಬಿಡು."

"ನಾ ಎಲ್ಲಿ ನೋಡೀನಿ? ಬಾಯೇ ತೆಗದಿಲ್ಲಲ್ಲ ನೀವು."

ಹೊರಡುವ ದಿನ ನಾನು ಒಂದೇ ಮಾತು ಹೇಳಿದೆ: ಟವೆಲು ಬೇಡ, ಹಳೆಯ ಕಾಲದವರು ಅನ್ನಿಸುತ್ತದೆ. ಮಾಮಾ ಹೆಗಲಿಂದ ಅದನ್ನು ತೆಗೆದರು. ಖಾಲಿ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಬಸ್ಸಿನಲ್ಲಿ ಕುಳಿತ ಮೇಲೆ ನೋಡುತ್ತೇನೆ, ಆಧಾರ್ ಕಾರ್ಡು ಇಟ್ಟ ಬಟ್ಟೆಯ ಚೀಲದಲ್ಲಿ ಅದು ನಾಲ್ಕು ಮಡಿಕೆಯಾಗಿ ಕುಳಿತಿತ್ತು. ಹಲಬರ್ಗಾ ದಾಟುವವರೆಗೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಕೆಂಪು ನೆಲ, ಕರಿ ನೆಲ, ಮತ್ತೆ ಕೆಂಪು ನೆಲ. ಹೊಲದಲ್ಲಿ ಎಲ್ಲಾದರೂ ಜೋಡಿ ಎತ್ತು ಕಂಡರೆ ಅವರ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

ಬೀದರಿನಲ್ಲಿ ಇಳಿದು ಆಟೋದಲ್ಲಿ ನೌಬಾದಕ್ಕೆ ಹೋದೆವು. ಗೋದಾಮಿನ ಆಫೀಸೆಂದರೆ ಒಂದೇ ಕೋಣೆ. ಹೊಸ ಸುಣ್ಣದ ವಾಸನೆಯೊಳಗೆ ಹೊಸ ಗೋಣಿಯ ವಾಸನೆ ಬೆರೆತಿತ್ತು. ಮೇಜಿನ ಹಿಂದೆ ಇಬ್ಬರು. ಒಬ್ಬರು ಮ್ಯಾನೇಜರ್ ಮನಿಷಾ, ಔರಾದ ಕಡೆಯವರು, ನನಗಿಂತ ಆರೇಳು ವರ್ಷ ದೊಡ್ಡವರಿರಬಹುದು. ಅವರ ಹಿಂದಿನ ಗೋಡೆಯ ಮೇಲೆ ಬುದ್ಧನ ಸಣ್ಣ ಪಟವಿತ್ತು. ಇನ್ನೊಬ್ಬರು ಲೆಕ್ಕ ನೋಡುವ ಅಬ್ದುಲ ಸಮದ, ಬಿಳಿ ಗಡ್ಡದ ಹಿರಿಯರು. ಕೆಲಸ ಕೇಳಲು ಬಂದವರನ್ನೆಲ್ಲ ಒಟ್ಟಿಗೇ ಒಳಗೆ ಕೂರಿಸಿದರು. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ನನಗೂ ಜಾಗ ಸಿಕ್ಕಿತು.

ಮಾಮಾರ ಒಂದು ಪಕ್ಕದಲ್ಲಿ ದತ್ತಾತ್ರಿ ಎಂಬ ಹುಡುಗ, ನೀಲಿ ಅಂಗಿ, ಹೊಳೆಯುವ ಬೂಟು. ಇನ್ನೊಂದು ಪಕ್ಕದಲ್ಲಿ ಬಾಬುಮಿಯಾ, ಲಾರಿ ಓಡಿಸಿ ಮೊಣಕಾಲು ಸೋತವರು. ಮತ್ತಿಬ್ಬರು ಆ ಕಡೆ.

ಮನಿಷಾ ಕೆಲಸದ ವಿಷಯ ಹೇಳಿದರು. "ಇಲ್ಲಿ ಒಂದೇ ಮಾತು ಮುಖ್ಯ. ಯಾರ ಮಾಲು ಎಷ್ಟದ ಅನ್ನೋದು ಈ ಗೇಟಿನ ಹೊರಗ ಹೋಗಬಾರದು. ಗಂಜಿನ ಮಂದಿ ಚಹಾ ಕುಡಿಸಿ ಕೇಳ್ತಾರ."

ಎಲ್ಲರೂ ಇಲ್ಲ ಇಲ್ಲ, ಹೇಳುವುದೇ ಇಲ್ಲ ಎಂದರು. ದತ್ತಾತ್ರಿ ತಾನು ಬಹಳ ನಂಬಿಗಸ್ತನೆಂದು ಇಂಗ್ಲಿಷಿನಲ್ಲಿಯೂ ಹೇಳಿದ. ಮಾಮಾರ ಸರದಿ ಬಂದಾಗ ಅವರು ನೆಟ್ಟಗೆ ಕುಳಿತರು, ನಾನು ಕಲಿಸಿದಂತೆ ಸಣ್ಣಗೆ ನಕ್ಕರು. "ಹಾವಗೆಪ್ಪ ಅಂತಾರ್ರಿ. ಭಾಲ್ಕಿ. ದನದ ಬಜಾರದಾಗ ದಲಾಲಿ ಮಾಡಕೋತ ಬಂದೀನಿ," ಎಂದು ಅಲ್ಲಿಗೆ ನಿಲ್ಲಿಸಿಬಿಟ್ಟರು. ಕಷ್ಟಪಟ್ಟು ದುಡಿಯುವ ಮಾತು, ಪ್ರಾಮಾಣಿಕತೆಯ ಮಾತು ಬರಲೇ ಇಲ್ಲ. ಸ್ಟೂಲಿನ ಮೇಲೆ ನಾನು ಕೈ ಹಿಸುಕಿಕೊಂಡೆ.

ಕೊನೆಗೆ ಸಮದ ಸಾಹೇಬರು ಕಾಗದ, ಪೆನ್ನು ಎಳೆದುಕೊಂಡರು. "ಪಗಾರ ಎಷ್ಟು ಬೇಕು, ಒಬ್ಬೊಬ್ಬರೇ ಹೇಳ್ರಿ."

ದತ್ತಾತ್ರಿ ಮೊದಲು ಹೇಳಿದ. ಎರಡನೆಯವನು ದತ್ತಾತ್ರಿಯ ಮುಖ ನೋಡಿ ಅದಕ್ಕಿಂತ ಕಡಿಮೆ ಹೇಳಿದ. ಮೂರನೆಯವನು ನೆಲ ನೋಡುತ್ತ ಇನ್ನೂ ಕಡಿಮೆ ಹೇಳಿದ. ಬಾಬುಮಿಯಾ ಒಮ್ಮೆ ನಿಟ್ಟುಸಿರು ಬಿಟ್ಟು ಅದಕ್ಕೂ ಕೆಳಗಿಳಿದರು. ಆಗ ದತ್ತಾತ್ರಿ ಕೈ ಎತ್ತಿ, "ನಾನೂ ಅಷ್ಟಕ್ಕೇ ಬರ್ತೇನಿ ಸರ್," ಎಂದ.

ಮಾಮಾರ ಕಿವಿ ಕೆಂಪಾದದ್ದು ನನಗೆ ಬಾಗಿಲಿನಿಂದಲೇ ಕಂಡಿತು. ಬೆಲೆ ಎಂಬುದನ್ನು ಹೀಗೆ ಹಾಡುಹಗಲಲ್ಲಿ, ಐದಾರು ಜನರ ನಡುವೆ, ಗಟ್ಟಿ ಧ್ವನಿಯಲ್ಲಿ ಅವರು ಕೇಳಿರಲಿಲ್ಲ. ಅದೂ ಮನುಷ್ಯರ ಬೆಲೆ.

"ನೀವು ಹೇಳ್ರಿ," ಎಂದರು ಸಮದ ಸಾಹೇಬರು.

ಮಾಮಾ ಎದ್ದರು. ಚೀಲದೊಳಗಿಂದ ಟವೆಲು ತೆಗೆದರು. ಮೂವತ್ತು ವರ್ಷದ ಕೈ ತಾನೇ ಮಾಡಿದ ಕೆಲಸ ಅದು. ಅವರು ಯೋಚಿಸಿ ಮಾಡಿದಂತೆ ಕಾಣಲಿಲ್ಲ. ಟವೆಲನ್ನು ಬಲಗೈ ಮೇಲೆ ಹರವಿ, ಮೇಜಿನ ಮೇಲಿಂದ ಕೈಯನ್ನು ಮುಂದೆ ಚಾಚಿದರು. ಕೆಲಸ ಕೊಡುವವರು ಮ್ಯಾನೇಜರಲ್ಲವೇ. ಕೈ ಮನಿಷಾ ಅವರ ಮುಂದೆ ಹೋಗಿ ನಿಂತಿತು.

ಆಮೇಲೆ ಅವರಿಗೆ ಹೊಳೆಯಿತು. ಸಂತೆಯಲ್ಲಿ ಆ ಟವೆಲಿನ ಕೆಳಗೆ ಎಂದೂ ಹೆಣ್ಣುಮಗಳ ಕೈ ಬಂದಿರಲಿಲ್ಲ. ಮಗಳ ವಯಸ್ಸಿನ, ಗುರುತಿಲ್ಲದ ಹೆಣ್ಣುಮಗಳ ಮುಂದೆ ತಾವು ಕೈಹಿಡಿ ಎಂದು ನಿಂತಿದ್ದಾರೆ. ಚಾಚಿದ ಕೈಯನ್ನು ಹಿಂದೆ ತೆಗೆಯಲೂ ಮರೆತು ಮಾಮಾ ಹಾಗೇ ಉಳಿದರು.

ಮೊದಲು ನಕ್ಕವರು ಬಾಬುಮಿಯಾ. "ಅರೆ ಭಾಯಿ, ಮೇಡಂಗ ಎತ್ತ ಮಾರ್ಲಿಕ್ಕಿ ಬಂದೀರೇನು?" ದತ್ತಾತ್ರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಉಳಿದವರೂ ನಕ್ಕರು.

"ತಪ್ಪಾತ್ರಿ ತಾಯಿ," ಎಂದರು ಮಾಮಾ. ಟವೆಲು ಮಡಿಚಿಕೊಂಡರು. ಕೆಲಸ ಹೋಯಿತು ಎಂದು ಅವರ ಬೆನ್ನು ನೋಡಿಯೇ ಹೇಳಬಹುದಿತ್ತು.

ಮನಿಷಾ ನಗಲಿಲ್ಲ. "ನಮ್ಮ ಅಜ್ಜ ಔರಾದ ಸಂತಿಯಿಂದ ಬಂದಾಗ ಕೇಳ್ತಿದ್ದೆ, ಟಾವೆಲ್ ಒಳಗ ಏನ್ ಮಾಡ್ತೀರಿ ಅಂತ. ಹೆಣಮಕ್ಕಳಿಗಿ ಯಾಕ ಬೇಕು ಅಂತಿದ್ದರು. ನೀವು ಹೇಳ್ರಿ ಕಾಕಾ. ಯಾಕ ಹಂಗ ಮುಚ್ಚಿ ಮಾಡ್ತಾರ?"

ಮಾಮಾ ಮಡಿಚಿದ ಟವೆಲನ್ನು ಎದೆಗೆ ಹಿಡಿದುಕೊಂಡರು. "ಮಂದ್ಯಾಗ ಬೆಲಿ ಹೇಳಿದ್ರ ಮಾರಾವಗ ಮಾನ ಉಳಿಯಂಗಿಲ್ರಿ. ಕೊಳ್ಳಾವಗೂ ಉಳಿಯಂಗಿಲ್ಲ." ತುಸು ತಡೆದು, "ಎತ್ತಿಗೂ ಉಳಿಯಂಗಿಲ್ರಿ," ಎಂದರು.

ಈ ಸಲ ಯಾರೂ ನಗಲಿಲ್ಲ. ಮನಿಷಾ ಎದುರಿಗೆ ಸಾಲಾಗಿ ಕುಳಿತವರನ್ನು ನೋಡಿದರು, ಸಮದ ಸಾಹೇಬರ ಮುಂದಿನ ಕಾಗದ ನೋಡಿದರು.

"ಚಾಚಾ, ಎಲ್ಲಾರೂ ಜರಾ ಹೊರಗ ಕೂಡ್ಲಿ. ಒಬ್ಬೊಬ್ಬರನ್ನ ಕರೀರಿ."

"ಮತ್ತ ಇದು, ಬೇಟಿ?" ಸಮದ ಸಾಹೇಬರು ಕಾಗದ ಎತ್ತಿ ತೋರಿಸಿದರು.

"ಹರದು ಹಾಕ್ರಿ."

ಹೊರಗೆ ಬೇವಿನ ಮರದ ಕೆಳಗೆ ಬೆಂಚು ಇತ್ತು. ದತ್ತಾತ್ರಿ ಬೂಟಿನ ಧೂಳು ಒರೆಸುತ್ತ, "ನಿಮ್ಮ ಸಲುವಾಗಿ ತಡಾ ಆತು ಕಾಕಾ," ಎಂದ.

"ಆಗ್ಲಿ ಬಿಡೋ," ಎಂದರು ಬಾಬುಮಿಯಾ. "ಒಳಗ ನಿನ್ನ ಮಾರಿ ನೋಡಿ ಪಗಾರ ಹೇಳಿದ್ದೆ. ಈಗ ನನ್ನ ಮೊಣಕಾಲು ನೋಡಿ ಹೇಳ್ತೇನಿ." ತಂಬಾಕಿನ ಡಬ್ಬಿ ತೆಗೆದು ಮಾಮಾರ ಕಡೆ ಹಿಡಿದರು. ಮಾಮಾ ನನ್ನ ಮುಖ ನೋಡಿ, ಬೇಡವೆಂದು ಕೈ ಆಡಿಸಿದರು. ಹಲ್ಲಿನ ಬಗ್ಗೆ ಅತ್ತೆ ಹೇಳಿದ್ದನ್ನು ಅವರು ಅಲ್ಲಿಯೂ ಮರೆತಿರಲಿಲ್ಲ.

ಕೊನೆಗೆ ಕರೆದದ್ದು ಮಾಮಾರನ್ನು. "ನೀನೂ ಬಾ ಶಶಿ," ಎಂದರು. ಅವರ ಹಿಂದೆ ನಾನೂ ಹೋದೆ.

ಮನಿಷಾ ಪೆನ್ನು ಕೆಳಗಿಟ್ಟಿದ್ದರು. "ಮಚ್ಛೇಂದ್ರ ಅಂತ ನಮ್ಮ ಅಜ್ಜಂದು ಹೆಸರು. ಗೊತ್ತಿದ್ದರೇನು ನಿಮಗ?"

ಮಾಮಾರ ಕಣ್ಣು ಅರಳಿದವು. "ಎತ್ತರ ಆಳು. ಎಡಗಿವ್ಯಾಗ ಬಾಳಿ ಹಾಕತಿದ್ದರು. ಮೈಮ್ಯಾಲ ಕರಿ ಮಚ್ಚಿ ಇದ್ದ ದೇವಣಿ ಜೋಡಿ ತಂದಿದ್ದರು. ಎತ್ತ ಕೊಟ್ಟು ಹೋಗಾಗ ಹಗ್ಗ ಮಾತ್ರ ಬಿಚ್ಚಕೊಂಡು ಮನಿಗಿ ಒಯ್ದರು. ಹೆಂಗ ಮರೀಲಿ?"

"ಆ ಹಗ್ಗ ಇನ್ನೂ ನಮ್ಮ ಮನ್ಯಾಗ ಅದ," ಎಂದರು ಮನಿಷಾ. ಅವರ ಧ್ವನಿ ಈಗ ಆಫೀಸಿನ ಧ್ವನಿಯಾಗಿರಲಿಲ್ಲ. "ಅವು ಮಾರಿದ ಮ್ಯಾಲೇ ನಮ್ಮ ಅಪ್ಪ ನನ್ನ ಬೀದರ ಕಾಲೇಜಿಗಿ ಹಚ್ಚಿದ್ದು. ಎಷ್ಟಕ್ಕ ಹೋದವು ಅಂತ ಅಜ್ಜ ಯಾರಿಗೂ ಹೇಳಲಿಲ್ಲ. ನಿಮಗ ನೆಪ್ಪದ?"

"ಅದರಿ."

"ಎಷ್ಟಕ್ಕ?"

ಸಮದ ಸಾಹೇಬರು ತಲೆ ಎತ್ತಿದರು. ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸಂಖ್ಯೆ ಹೇಳಿದರೆ ಎದುರಿನವರ ಮನಸ್ಸು ತುಂಬುತ್ತದೆ, ಕೆಲಸ ಕೊಡುವ ಕೈ ಅವರದೇ. ಮಾಮಾ ಮಡಿಚಿದ ಟವೆಲಿನ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು.

"ಅಜ್ಜಗ ಕೇಳ್ರಿ ತಾಯಿ."

"ಅಜ್ಜ ತೀರಿಕೊಂಡಾರ, ಮೂರ ವರ್ಷ ಆತು."

ಮಾಮಾ ತಲೆ ಬಾಗಿಸಿದರು. "ಗೊತ್ತಿರಲಿಲ್ರಿ," ಎಂದರು. ಟವೆಲಿನ ಅಂಚು ಬಿಟ್ಟು, "ಹಂಗಿದ್ರ ಅದೂ ಅವರ ಜೋಡಿನೇ ಹೋತ್ರಿ," ಎಂದರು.

ಹೊರಗೆ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ಹಮಾಲನೊಬ್ಬ ಬರಲಿ ಬರಲಿ ಎಂದು ಕೂಗುತ್ತಿದ್ದ. ಮನಿಷಾ ಕಿಟಕಿಯ ಕಡೆ ನೋಡುತ್ತಿದ್ದರು. ಅವರಿಗೆ ಸಿಟ್ಟು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. ತಿರುಗಿದಾಗ ಮುಖ ಮೊದಲಿನಂತೆಯೇ ಇತ್ತು.

"ಇರ್ಲಿ. ನಿಮ್ಮದು ಎಷ್ಟು, ಅದನ್ನರೇ ಹೇಳ್ರಿ."

ಮಾಮಾರ ತುಟಿ ಅಲುಗಿತು, ಮಾತು ಬರಲಿಲ್ಲ. ಕೋಣೆಯಲ್ಲಿ ಈಗ ಬೇರೆ ಜನರಿಲ್ಲ. ಆದರೂ ಬರಲಿಲ್ಲ. ಆ ಬಾಯಿಗೆ ಅದು ರೂಢಿಯೇ ಇರಲಿಲ್ಲ.

"ಟಾವೆಲ್ ತಗೀರಿ ಕಾಕಾ," ಎಂದರು ಮನಿಷಾ.

ಮಾಮಾ ಗಾಬರಿಯಿಂದ ನನ್ನನ್ನು ನೋಡಿದರು. ನಾನು ಹೂಂ ಎಂದು ತಲೆ ಆಡಿಸಿದೆ. ಅವರು ಅಂಗೈಯನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲೆ ಟವೆಲು ಮುಚ್ಚಿದರು. "ಒಳಗ ಕೈ ಹಾಕಬ್ಯಾಡ್ರಿ. ಮ್ಯಾಲಿಂದೇ ಮುಟ್ರಿ. ಎಷ್ಟ ಬೆರಳು ಎದ್ದಾವ ನೋಡ್ರಿ," ಎಂದರು.

ಮನಿಷಾ ಒಂದು ಬೆರಳಿನಿಂದ ಬಟ್ಟೆಯ ಮೇಲಿನ ಉಬ್ಬುಗಳನ್ನು ಒಂದೊಂದಾಗಿ ಮುಟ್ಟಿದರು. ಕೈ ಒಮ್ಮೆ ಮುಚ್ಚಿತು, ಮತ್ತೆ ತೆರೆಯಿತು. ಮತ್ತೆ ಮುಟ್ಟಿದರು. ಸಮದ ಸಾಹೇಬರು ಕನ್ನಡಕ ತೆಗೆದು ಬೇಕೆಂದೇ ಗೋಡೆಯ ಕಡೆ ತಿರುಗಿ ಕುಳಿತರು.

"ಔರಾದ ಕಡಿ ಈ ವರ್ಷ ತೊಗರಿ ಹ್ಯಾಂಗ ಅದರಿ?" ಎಂದರು ಮಾಮಾ. ಅವರ ಧ್ವನಿ ಒಮ್ಮೆಗೇ ಸಡಿಲಾಗಿತ್ತು. ಸಂತೆಯ ಬೆಳಗಿನ ಧ್ವನಿ ಅದು.

"ಹೂ ಚೆಂದ ಬಿಟ್ಟಾವ. ಮಂಜಿಗಿ ಉದರಲಿಲ್ಲ ಅಂದ್ರ ಛಲೋ ಆಗ್ತದ," ಎನ್ನುತ್ತ ಮನಿಷಾ ಬಟ್ಟೆಯ ಮೇಲಿಂದ ಒಂದು ಉಬ್ಬನ್ನು ಮೆಲ್ಲಗೆ ಒತ್ತಿ ಮಲಗಿಸಿದರು.

"ಮಂಜು ಈ ಸಲ ಹೊತ್ತಾಗಿ ಬೀಳ್ತದ್ರಿ." ಮಲಗಿದ ಬೆರಳು ಅರ್ಧ ಎದ್ದು ನಿಂತಿತು.

ಮನಿಷಾ ನಕ್ಕುಬಿಟ್ಟರು. ಅಜ್ಜನ ಹಿಂದೆ ಸಂತೆಗೆ ಹೋಗಬೇಕೆಂದು ಹಟ ಹಿಡಿದ ಹುಡುಗಿ ಒಂದು ಗಳಿಗೆ ಅಲ್ಲಿ ಕಂಡಳು. ಅರ್ಧ ಎದ್ದ ಬೆರಳನ್ನು ಅವರು ಹಾಗೇ ಬಿಟ್ಟರು. "ಫೋನ್ ಮಾಡ್ತೇವಿ ಕಾಕಾ," ಎಂದರು.

ಆಟೋದಲ್ಲಿ ನಾನು ಸುಮ್ಮನಿರಲಾರದೆ, "ಅವರ ಅಜ್ಜಂದು ಹೇಳಿಬಿಟ್ಟಿದ್ರ ಆಗ್ತಿತ್ತಲ್ರಿ ಮಾಮಾ," ಎಂದೆ.

"ಆಗ್ತಿತ್ತವ್ವಾ," ಎಂದರು ಮಾಮಾ. ಗಾಂಧಿ ಗಂಜದ ಹತ್ತಿರ ಕೈಗಾಡಿಗಳ ನಡುವೆ ಆಟೋ ನಿಂತಿತ್ತು. ಅವರು ಟವೆಲನ್ನು ಚೀಲದಿಂದ ತೆಗೆದು ಹೆಗಲ ಮೇಲೆ ಹಾಕಿಕೊಂಡರು.

ಅದಾದ ಮೇಲೆಯೂ ಮಾಮಾ ದಿನಾ ಬಸ್ ನಿಲ್ದಾಣಕ್ಕೆ ಹೋಗಿ ಬರುತ್ತಿದ್ದರು. ಈಗ ಫೋನನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೊದಲು ಅದು ಗೂಟದ ಚೀಲದಲ್ಲಿ ಇರುತ್ತಿತ್ತು. ಅತ್ತೆ ಬುತ್ತಿ ಡಬ್ಬಿಯೊಂದನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಇಟ್ಟರು.

ಫೋನು ಬಂದದ್ದು ಒಂದು ಸಂಜೆ. ಕಟ್ಟೆಯ ಮೇಲೆ ಓಣಿಯ ಮಂದಿ ಕುಳಿತಿದ್ದರು. ಮಾಮಾರಿಗೆ ಸರಿಯಾಗಿ ಕೇಳಿಸಲೆಂದು ನಾನೇ ಸ್ಪೀಕರ್ ಒತ್ತಿದೆ.

"ಕಾಕಾ, ನಾಳಿಂದ ಬರ್ರಿ," ಎಂದರು ಮನಿಷಾ. "ಪಗಾರ ನೀವು ಇಟ್ಟು ಹೋದಷ್ಟೇ. ಅರ್ಧ ಬೆರಳು ಸುದ್ದಾ." ಒಂದು ಕ್ಷಣ ಬಿಟ್ಟು, "ಅಜ್ಜಂದು ಕೇಳಿದಾಗ ನೀವು ಹೇಳಿದ್ದರ ನಾ ದತ್ತಾತ್ರಿಗಿ ತಗೋತಿದ್ದೆ," ಎಂದರು.

ಮಾಮಾ ಹೂಂ ಎಂದರು, ಮತ್ತೊಮ್ಮೆ ಹೂಂ ಎಂದರು. ಫೋನು ಕಿಸೆಗೆ ಸೇರುವ ಮೊದಲೇ ಕಟ್ಟೆಯ ಮೇಲಿನವರು ಸುರು ಮಾಡಿದರು.

"ಏನೋ ಹಾವಗೆಪ್ಪಾ, ನೌಕರಿ ಹತ್ತಿತೇನೋ?"

"ಬೆರಳು ಅಂದ್ರ ಎಷ್ಟೋ? ಬಾಯಿ ಬಿಟ್ಟು ಹೇಳೋ."

ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈತುಂಬ ಜೋಳದ ಹಿಟ್ಟಿನೊಡನೆ ಬಾಗಿಲಿಗೆ ಬಂದು ನಿಂತಿದ್ದರು. "ನನಗರೇ ಹೇಳ್ತೀರೋ ಇಲ್ಲೋ?" ಎಂದರು.

ಮಾಮಾ ಕಟ್ಟೆಯಿಂದ ಎದ್ದರು. ಹೆಗಲ ಮೇಲಿನ ಟವೆಲು ತೆಗೆದು ಬಲಗೈ ಮೇಲೆ ಹರವಿ, ಅತ್ತೆಯ ಮುಂದೆ ಚಾಚಿದರು.

"ಇದೇನ್ರಿ ಮಂದಿ ಮುಂದ," ಎಂದು ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಸೆರಗು ಸರಿ ಮಾಡಿಕೊಂಡರು. ಆಮೇಲೆ ಹಿಟ್ಟಿನ ಕೈಯನ್ನು ಹಾಗೇ ಟವೆಲಿನ ಕೆಳಗೆ ಇಟ್ಟರು.

"ಪಲ್ಯಾ ಏನ್ ಮಾಡೀದಿ?" ಎಂದರು ಮಾಮಾ.

"ಪುಂಡಿಪಲ್ಯಾ," ಎಂದರು ಅತ್ತೆ. ಬಟ್ಟೆಯ ಕೆಳಗೆ ಬೆರಳುಗಳು ಹೊರಳಿದವು. ಅತ್ತೆಯ ಕಣ್ಣು ಮಾಮಾರ ಮುಖದ ಮೇಲೆ ನಿಂತಿದ್ದವು. "ಖಾರ ಜರಾ ಹೆಚ್ಚಾಗ್ಯದ."

"ನಡೀತದ."

ಅತ್ತೆ ಕೈ ತೆಗೆದುಕೊಂಡರು. "ಬರೊಬ್ಬರಿ ಅದ," ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಿಸಿತು. ಓಣಿಯ ಹೆಂಗಸರು ಮರುದಿನ ನಲ್ಲಿಯ ಹತ್ತಿರ ಎಷ್ಟು ಕೇಳಿದರೂ ಅತ್ತೆ ಪುಂಡಿಪಲ್ಯದ ಮಾತೇ ಹೇಳಿದರಂತೆ. ಆ ಸಂಖ್ಯೆ ನನಗೂ ಇವತ್ತಿನವರೆಗೆ ಗೊತ್ತಿಲ್ಲ.

ಬೆಳಿಗ್ಗೆ ಮಾಮಾ ಎಂದಿನಂತೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟರು. ಬುತ್ತಿ ಡಬ್ಬಿ ಚೀಲಕ್ಕೆ ಸೇರಿತು. ಟವೆಲಿನ ಒಂದು ಕಡೆ ಜೋಳದ ಹಿಟ್ಟು ಒಣಗಿ ಬೆಳ್ಳಗಾಗಿತ್ತು. ಒಗೆದದ್ದು ಕೊಡುತ್ತೇನೆ ಎಂದೆ. ಇದೇ ಇರಲಿ ಎಂದರು. ಓಣಿಯಲ್ಲಿ ಯಾರೋ ಎಲ್ಲಿಗೆ ಹೊಂಟ್ರಿ ಎಂದು ಕೇಳಿದ್ದು, ಮಾಮಾ "ಬೀದರಕ್ಕ" ಎಂದದ್ದು ಪಡಸಾಲೆಯಲ್ಲಿದ್ದ ನಮಗೂ ಕೇಳಿಸಿತು.

ಅತ್ತೆ ಶಾಲೆಗೆ ಹೊರಡಲು ತಡಮಾಡುತ್ತಿದ್ದರು. ಅವರು ನೋಡುತ್ತಿದ್ದದ್ದು ಮುಂಬಾಗಿಲನ್ನಲ್ಲ, ಹಿಂದಿನ ಓಣಿಯನ್ನು. ಒಂದು ಚಹಾ ಕುಡಿದು ಬರುವಷ್ಟು ಹೊತ್ತು ಕಳೆಯಿತು. ಆ ಓಣಿಯಲ್ಲಿ ಬಿಸಿಲಲ್ಲದೆ ಬೇರೆ ಯಾರೂ ಬರಲಿಲ್ಲ. ಅತ್ತೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ಕೆಲಸಕ್ಕೆ ಹೊರಟರು.